ಇಗರ್ಜಿಯ ಪುಸ್ತಕ ಮತ್ತು ಉಸಿರಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಯುವ ಸಂಘದ ಏಳೆಂಟು ಮಂದಿ ಸೇರಿ ಇಗರ್ಜಿಯ ಕಚೇರಿಯ ಕಪಾಟಿನಲ್ಲಿದ್ದ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ಹೊರತೆಗೆದೆವು. ಹುಳು ತಿಂದ ಹಾಳೆಗಳನ್ನು ಮೆಲ್ಲನೆ ಬಿಡಿಸಿ, ಒಂದೊಂದು ಪುಟದ ಫೋಟೋ ತೆಗೆಯುವುದು ನಮ್ಮ ಕೆಲಸ. ಮಗುವಿನ ಹೆಸರು, ತಂದೆ, ತಾಯಿ, ಅಜ್ಜ ಅಜ್ಜಿಯರ ಹೆಸರು, ದೊಡ್ಡಪ್ಪನೋ ಚಿಕ್ಕಮ್ಮನೋ ಆಗಿರುವ ಜ್ಞಾನಪೋಷಕರು, ಕೊನೆಗೆ ಪಾದ್ರಿಗಳ ಸಹಿ. ಪುಟ ಪುಟಕ್ಕೂ ಅದೇ. ಮೂರನೇ ದಿನಕ್ಕೆ ನಮ್ಮಲ್ಲೇ ಒಬ್ಬ ಹುಡುಗ ಕೇಳಿಬಿಟ್ಟ: "ಇದನ್ನೆಲ್ಲ ಮುಂದೆ ಯಾರು ಓದುತ್ತಾರೆ?"

ಆಗ ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದಾಗ ಸಿಕ್ಕಿದ ಉತ್ತರ ಬಹಳ ದೂರದ್ದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಅಲ್ಲಿ ಇಂಥದೇ ಇಗರ್ಜಿ ಪುಸ್ತಕಗಳು ಒಂದು ಕಾಯಿಲೆಯ ದಾರಿಯನ್ನು ತೋರಿಸಿಕೊಟ್ಟವು. ಒಂದು ಇಡೀ ಊರಿನ ಮೇಲಿದ್ದ ಅಪವಾದವನ್ನೂ ತೊಳೆದವು. ಆ ಕಾಯಿಲೆ ನಮ್ಮ ಜೀವಕೋಶದೊಳಗಿನ ಒಂದು ಪ್ರೊಟೀನಿಗೆ ಸಂಬಂಧಿಸಿದ್ದು. ಅದರ ಹೆಸರು ಸೈಟೋಕ್ರೋಮ್ ಸಿ ಆಕ್ಸಿಡೇಸ್. ಉದ್ದದ ಹೆಸರು ನೋಡಿ ಹೆದರಬೇಡಿ. ಈ ಕ್ಷಣದಲ್ಲೂ ನಿಮ್ಮ ಮೈಯ ಮೂಲೆಮೂಲೆಯಲ್ಲಿ ಅದು ಕೆಲಸ ಮಾಡುತ್ತಿದೆ. ಇಲ್ಲದಿದ್ದರೆ ಈ ಸಾಲನ್ನು ಓದಿ ಮುಗಿಸಲು ನಿಮ್ಮಿಂದ ಆಗುತ್ತಿರಲಿಲ್ಲ.

ಮೊದಲು ಅದನ್ನು ಕಂಡವರ ಕಥೆ ಹೇಳುತ್ತೇವೆ, ಆಮೇಲೆ ಕ್ವಿಬೆಕ್‌ಗೆ ಹೋಗೋಣ.

ಚಾರ್ಲ್ಸ್ ಮ್ಯಾಕ್‌ಮನ್ ಐರ್ಲೆಂಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಊರಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ಸಾಮಾನ್ಯ ವೈದ್ಯ. ದೊಡ್ಡ ವಿಶ್ವವಿದ್ಯಾಲಯದ ಪ್ರಯೋಗಾಲಯ ಅವರಿಗಿರಲಿಲ್ಲ. ಕುದುರೆ ಲಾಯದ ಮೇಲಿನ ಹುಲ್ಲಿನ ಅಟ್ಟವೇ ಅವರ ಪ್ರಯೋಗಶಾಲೆ. ದಿನದ ಕೆಲಸ ಮುಗಿದ ಮೇಲೆ ಅಟ್ಟ ಹತ್ತಿ, ಸೂಕ್ಷ್ಮದರ್ಶಕಕ್ಕೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸಾಧನವನ್ನು ಜೋಡಿಸಿ, ಪ್ರಾಣಿಗಳ ಸ್ನಾಯುವಿನ ತೆಳುವಾದ ಚೂರುಗಳನ್ನು ನೋಡುತ್ತಿದ್ದರು. ಕಾಮನಬಿಲ್ಲಿನಂತೆ ಹರಡಿದ ಬಣ್ಣಗಳ ನಡುವೆ ಕಪ್ಪು ಪಟ್ಟಿಗಳು ಕಂಡವು. ರಕ್ತದ ಹಿಮೋಗ್ಲೋಬಿನ್ ಕೊಡುವ ಪಟ್ಟಿಗಳಂತೆ ಅವು ಇರಲಿಲ್ಲ. ರಕ್ತವೇ ಇಲ್ಲದ ಅಂಗಾಂಶದಲ್ಲೂ, ಕೆಂಪು ರಕ್ತವಿಲ್ಲದ ಕೀಟಗಳಲ್ಲೂ ಕಂಡವು. ಜೀವಕೋಶಗಳಿಗೇ ಸೇರಿದ, ಉಸಿರಾಟಕ್ಕೆ ಸಂಬಂಧಪಟ್ಟ ಒಂದು ಬಣ್ಣದ ವಸ್ತು ಇದೆ ಎಂದು ಅವರು 1884ರಿಂದ 1886ರ ನಡುವೆ ಬರೆದು ಪ್ರಕಟಿಸಿದರು.

ಹಿಮೋಗ್ಲೋಬಿನ್‌ಗೆ ಆ ಹೆಸರನ್ನು ಕೊಟ್ಟವರೇ ಜರ್ಮನಿಯ ಫೆಲಿಕ್ಸ್ ಹೋಪ್-ಸೈಲರ್. ಆ ಕಾಲದಲ್ಲಿ ಜೀವರಸಾಯನಶಾಸ್ತ್ರದಲ್ಲಿ ಅವರ ಮಾತಿಗೆ ಎದುರಾಡುವವರೇ ಇರಲಿಲ್ಲ. ಮ್ಯಾಕ್‌ಮನ್ ಕಂಡದ್ದು ಹೊಸ ವಸ್ತುವೇ ಅಲ್ಲ, ಹಿಮೋಗ್ಲೋಬಿನ್ ಒಡೆದು ಉಂಟಾದ ಕಸ ಎಂದು ಅವರ ಕಡೆಯಿಂದ ತೀರ್ಪು ಬಂತು. ಮ್ಯಾಕ್‌ಮನ್ ಉತ್ತರ ಬರೆದರು. ಹೋಪ್-ಸೈಲರ್ ತಮ್ಮದೇ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿ, ಇನ್ನು ಈ ಚರ್ಚೆ ಅನಗತ್ಯ ಎಂಬ ಅರ್ಥದ ಟಿಪ್ಪಣಿ ಸೇರಿಸಿ ಬಾಗಿಲು ಮುಚ್ಚಿದರು. ಅಟ್ಟದ ಮೇಲಿನ ವೈದ್ಯರ ಮಾತನ್ನು ಮತ್ತೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1911ರಲ್ಲಿ ಮ್ಯಾಕ್‌ಮನ್ ತೀರಿಕೊಂಡರು. ಆ ವಸ್ತು ಇರುವುದಂತೂ ನಿಜ, ಒಂದಲ್ಲ ಒಂದು ದಿನ ಪಠ್ಯಪುಸ್ತಕ ಸೇರುತ್ತದೆ ಎಂಬ ಅವರ ನಂಬಿಕೆ ಅವರು ಹೋದ ಮೇಲೆ ಪ್ರಕಟವಾದ ಪುಸ್ತಕದಲ್ಲಿ ಉಳಿಯಿತು.

ಆ ದಿನವನ್ನು ತಂದವರು ಡೇವಿಡ್ ಕೈಲಿನ್. ಪೋಲಿಷ್ ಕುಟುಂಬದವರು, ಮಾಸ್ಕೋದಲ್ಲಿ ಹುಟ್ಟಿದವರು, ಅಸ್ತಮಾ ರೋಗಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅವರು ಅಧ್ಯಯನ ಮಾಡುತ್ತಿದ್ದದ್ದು ಪರೋಪಜೀವಿಗಳನ್ನು. ಕುದುರೆಯ ಹೊಟ್ಟೆಯೊಳಗೆ ಬೆಳೆಯುವ ಒಂದು ಬಗೆಯ ನೊಣದ ಮರಿಹುಳುಗಳನ್ನು. ಮರಿಹುಳುವಿನಲ್ಲಿ ಹಿಮೋಗ್ಲೋಬಿನ್ ಇರುತ್ತದೆ. ಹಾಗಾದರೆ ರೆಕ್ಕೆ ಬಂದ ನೊಣದಲ್ಲಿ ಅದು ಏನಾಗುತ್ತದೆ? ಇದನ್ನು ತಿಳಿಯಲು ನೊಣದ ಎದೆಯ ಸ್ನಾಯುವನ್ನು ನೋಡಿದಾಗ ಹಿಮೋಗ್ಲೋಬಿನ್‌ನ ಪಟ್ಟಿಗಳ ಬದಲು ಬೇರೆಯೇ ನಾಲ್ಕು ಪಟ್ಟಿಗಳು ಕಂಡವು. ಬೇರೆ ಕೀಟಗಳಲ್ಲಿ ನೋಡಿದರು, ಅವೇ ಪಟ್ಟಿಗಳು. ಬ್ರೆಡ್ ಉಬ್ಬಿಸುವ ಯೀಸ್ಟ್‌ನಲ್ಲಿ ನೋಡಿದರು, ಅಲ್ಲೂ ಅವೇ.

ಯೀಸ್ಟ್ ಕಲಸಿದ ನೀರಿನ ಗಾಜಿನ ಕೊಳವೆಯನ್ನು ಚೆನ್ನಾಗಿ ಅಲುಗಾಡಿಸಿ ಗಾಳಿ ಸೇರಿಸಿದರೆ ಪಟ್ಟಿಗಳು ಮಾಯ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮತ್ತೆ ಪ್ರತ್ಯಕ್ಷ. ಜೇನುಗೂಡನ್ನು ಹಾಳುಮಾಡುವ ಮೇಣದ ಪತಂಗ ನಮ್ಮಲ್ಲಿ ಜೇನುಪೆಟ್ಟಿಗೆ ಇಟ್ಟವರಿಗೆಲ್ಲ ಗೊತ್ತು. ಅದನ್ನು ಜೀವಂತವಾಗಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕೈಲಿನ್ ನೋಡಿದರು. ಪತಂಗ ರೆಕ್ಕೆ ಬಡಿದು ಒದ್ದಾಡಿದಾಗ ಪಟ್ಟಿಗಳು ಮೂಡುತ್ತಿದ್ದವು, ಸುಮ್ಮನಾದಾಗ ಮಸುಕಾಗುತ್ತಿದ್ದವು. ಜೀವಿ ಆಮ್ಲಜನಕವನ್ನು ಬಳಸುವುದನ್ನು ಮನುಷ್ಯ ಕಣ್ಣಾರೆ ಕಂಡದ್ದು ಹಾಗೆ. 1925ರಲ್ಲಿ ಪ್ರಕಟವಾದ ಲೇಖನದಲ್ಲಿ ಕೈಲಿನ್ ಇದನ್ನು ಸೈಟೋಕ್ರೋಮ್ ಎಂದು ಕರೆದರು, ಅಂದರೆ ಕೋಶದ ಬಣ್ಣ. ಇದನ್ನು ಮೊದಲು ಕಂಡವರು ಮ್ಯಾಕ್‌ಮನ್ ಎಂದು ಅದೇ ಲೇಖನದಲ್ಲಿ ಎತ್ತಿ ಹೇಳಿದರು. ಹಾಗೆ ಹೇಳದಿದ್ದರೂ ಯಾರೂ ಕೇಳುತ್ತಿರಲಿಲ್ಲ. ನಮಗೆ ಕೈಲಿನ್ ಇಷ್ಟವಾಗಿದ್ದು ಈ ಕಾರಣಕ್ಕೆ.

ಅದೇ ಸಮಯದಲ್ಲಿ ಬರ್ಲಿನ್‌ನಲ್ಲಿ ಒಟ್ಟೊ ವಾರ್‌ಬರ್ಗ್ ಬೇರೆ ದಾರಿಯಿಂದ ಅದೇ ಮನೆಯ ಬಾಗಿಲು ತಟ್ಟುತ್ತಿದ್ದರು. ಆಮ್ಲಜನಕವನ್ನು ನೇರವಾಗಿ ಹಿಡಿಯುವ ಕಬ್ಬಿಣವಿರುವ ಕಿಣ್ವವೊಂದು ಕೋಶದಲ್ಲಿದೆ ಎಂದು ತೋರಿಸಿದ್ದಕ್ಕೆ ಅವರಿಗೆ 1931ರ ನೊಬೆಲ್ ಬಂತು. ಇಬ್ಬರ ನಡುವೆ ಜಟಾಪಟಿ ವರ್ಷಗಟ್ಟಲೆ ನಡೆಯಿತು. ಅದರ ವಿವರ ಇಲ್ಲಿ ಬೇಡ. 1939ರ ಹೊತ್ತಿಗೆ ಕೈಲಿನ್ ಮತ್ತು ಅವರ ಸಹಾಯಕ ಎಡ್ವರ್ಡ್ ಹಾರ್ಟ್ರಿ ಸೇರಿ, ವಾರ್‌ಬರ್ಗ್ ಹೇಳುವ ಕಿಣ್ವವೂ ತಾವು ಹೇಳುವ ಸೈಟೋಕ್ರೋಮುಗಳೂ ಒಂದೇ ಸರಪಳಿಯ ಕೊಂಡಿಗಳು ಎಂಬುದನ್ನು ತೋರಿಸಿಕೊಟ್ಟರು. ಸರಪಳಿಯ ಕೊನೆಯ ಕೊಂಡಿಯೇ ಸೈಟೋಕ್ರೋಮ್ ಆಕ್ಸಿಡೇಸ್. ಕೈಲಿನ್‌ಗೆ ನೊಬೆಲ್ ಬರಲೇ ಇಲ್ಲ. 1978ರಲ್ಲಿ ಆ ಪ್ರಶಸ್ತಿ ಪಡೆದ ಪೀಟರ್ ಮಿಚೆಲ್ ತಮ್ಮ ನೊಬೆಲ್ ಉಪನ್ಯಾಸದ ಶೀರ್ಷಿಕೆಯಲ್ಲೇ ಕೈಲಿನ್ ಹೆಸರಿಟ್ಟರು. ಆಗ ಕೈಲಿನ್ ತೀರಿಕೊಂಡು 15 ವರ್ಷವಾಗಿತ್ತು.

ಈ ಕೊನೆಯ ಕೊಂಡಿ ಮಾಡುವುದಾದರೂ ಏನು? ನಾವು ಉಂಡ ಅನ್ನ ಸಕ್ಕರೆಯಾಗಿ ಜೀವಕೋಶಕ್ಕೆ ಬರುತ್ತದೆ. ಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಿವೆ. ಅಲ್ಲಿ ಸಕ್ಕರೆಯಿಂದ ಕಿತ್ತ ಎಲೆಕ್ಟ್ರಾನುಗಳನ್ನು ಬೆಂಕಿ ಆರಿಸುವಾಗ ಕೊಡಪಾನ ದಾಟಿಸಿದಂತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾ ಹೋಗುತ್ತಾರೆ. ಸಾಲಿನ ಕೊನೆಯಲ್ಲಿ ನಿಂತವನು ಅದನ್ನು ಆಮ್ಲಜನಕಕ್ಕೆ ಒಪ್ಪಿಸಿ ನೀರು ಮಾಡುತ್ತಾನೆ. ಆ ಕೊನೆಯವನೇ ನಮ್ಮ ಕಿಣ್ವ. ಹೀಗೆ ದಾಟಿಸುವಾಗ ದೊರೆಯುವ ಶಕ್ತಿಯಿಂದಲೇ ಎಟಿಪಿ ಎಂಬ, ದೇಹದ ಎಲ್ಲ ಕೆಲಸಕ್ಕೂ ಸಲ್ಲುವ ನಾಣ್ಯ ತಯಾರಾಗುತ್ತದೆ. ನಾವು ಉಸಿರಾಡುವ ಆಮ್ಲಜನಕದಲ್ಲಿ 90ಕ್ಕೂ ಹೆಚ್ಚು ಪಾಲು ಈ ಒಂದೇ ಕಿಣ್ವದ ಬಾಯಿಗೆ ಹೋಗುತ್ತದೆ. ಈ ಸಾಲು ಸರಿಯಾಗಿ ನಡೆದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ. ಕೊನೆಯವನು ಕೈಚೆಲ್ಲಿದರೆ ಇಡೀ ಸಾಲು ನಿಂತು, ಸಿಗುವುದು ಎರಡೇ ಎರಡು. ಸುಡಲಾಗದೆ ಉಳಿದದ್ದು ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ತುಂಬುತ್ತದೆ.

ಸಯನೈಡ್ ಕೊಲ್ಲುವುದು ಈ ಕೊನೆಯವನ ಕೈ ಕಟ್ಟಿಹಾಕಿ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಕೋಶಕ್ಕೆ ಬಳಸಲಾಗುವುದಿಲ್ಲ. ನಮ್ಮ ಕಡೆ ಮರಗೆಣಸನ್ನು ಬೇಯಿಸಿ ನೀರು ಬಸಿದು ಚೆಲ್ಲುತ್ತಾರಲ್ಲ, ಅದರಲ್ಲೂ ಕಹಿ ಜಾತಿಯದ್ದಾದರೆ ಇನ್ನಷ್ಟು ಎಚ್ಚರದಿಂದ? ಆ ಗೆಡ್ಡೆಯಲ್ಲಿರುವ ಸಯನೈಡ್ ಅಂಶ ಹೋಗಲಿ ಎಂದೇ. ಅಜ್ಜಿಯಂದಿರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಅದನ್ನು ಕಾಪಾಡುವ ಕ್ರಮ ಗೊತ್ತಿತ್ತು.

ವಿಷ ಹೊರಗಿನಿಂದ ಬರುವುದು ಒಂದು ಬಗೆ. ಹುಟ್ಟುವಾಗಲೇ ಕಿಣ್ವ ಕಡಿಮೆ ಇದ್ದರೆ? 1951ರಲ್ಲಿ ಲಂಡನ್ನಿನ ಡೆನಿಸ್ ಲೀ ಎಂಬ ವೈದ್ಯರು ಏಳು ತಿಂಗಳ ಮಗುವೊಂದರ ಮಿದುಳಿನಲ್ಲಿ ವಿಚಿತ್ರ ಹಾನಿಯನ್ನು ಕಂಡು ಬರೆದರು. ಇಂದು ಅದನ್ನು ಲೀ ಸಿಂಡ್ರೋಮ್ ಎನ್ನುತ್ತಾರೆ. ಮಿದುಳು ಶಕ್ತಿಯನ್ನು ಅತಿ ಹೆಚ್ಚು ಕೇಳುವ ಅಂಗ, ಆದ್ದರಿಂದ ಕೊರತೆಯ ಪೆಟ್ಟು ಮೊದಲು ಬೀಳುವುದೂ ಅಲ್ಲಿಗೇ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಈ ಕಿಣ್ವದ ಕೊರತೆ.

ಈಗ ಕ್ವಿಬೆಕ್‌ಗೆ ಬನ್ನಿ. ಆ ಪ್ರಾಂತ್ಯದಲ್ಲಿ ಸಾಗ್ನೆ ಎಂಬ ನದಿ, ಅದರ ತಲೆಗೆ ಸೇಂಟ್ ಜಾನ್ ಹೆಸರಿನ ದೊಡ್ಡ ಸರೋವರ. 1838ರಿಂದ ಅಲ್ಲಿ ಫ್ರೆಂಚ್ ಮಾತಾಡುವ ಕಥೋಲಿಕ ಕುಟುಂಬಗಳು ನೆಲೆಸತೊಡಗಿದವು. ಮೊದಲ ದಶಕಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಪಕ್ಕದ ಶಾರ್ಲ್ವಾ ಎಂಬ ಒಂದೇ ಸೀಮೆಯವರು. ಮರ ಕಡಿದರು, ಹೊಲ ಮಾಡಿದರು, ಇಗರ್ಜಿ ಕಟ್ಟಿದರು. ಹತ್ತು ಹನ್ನೆರಡು ಮಕ್ಕಳ ಮನೆ ಅಲ್ಲಿ ಅಪರೂಪವಾಗಿರಲಿಲ್ಲ. ಚಳಿ, ಕಾಡು, ದೂರ. ಹೊರಗಿನವರು ಬಂದು ಸೇರುವುದು ಕಡಿಮೆ.

ಆ ಸೀಮೆಯಲ್ಲಿ ಕೆಲವು ಮಕ್ಕಳು ಹುಟ್ಟಿದ ಕೆಲವು ತಿಂಗಳಿಗೆ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತಿದ್ದರು. ಸಣ್ಣ ನೆಗಡಿ ಜ್ವರ ಬಂದರೂ ಸಾಕು, ರಕ್ತದಲ್ಲಿ ಆಮ್ಲ ಏರಿ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಸಂಚಕಾರ. ಹಲವು ಮಕ್ಕಳು ಐದನೇ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಪರೀಕ್ಷಿಸಿದಾಗ ಯಕೃತ್ತಿನಲ್ಲೂ ಮಿದುಳಿನಲ್ಲೂ ಸೈಟೋಕ್ರೋಮ್ ಆಕ್ಸಿಡೇಸ್ ತೀರಾ ಕಡಿಮೆ. ಬೇರೆ ಕಡೆ ಬಹಳ ಅಪರೂಪವಾದ ಈ ಕಾಯಿಲೆ ಅಲ್ಲಿ ಸುಮಾರು 2,000 ಹೆರಿಗೆಗೆ ಒಂದರಂತೆ ಕಾಣಿಸುತ್ತಿತ್ತು.

ಇಂಥದ್ದು ಒಂದೇ ಊರಲ್ಲಿ ಹೆಚ್ಚಾದರೆ ಜನ ಏನನ್ನುತ್ತಾರೆ, ನಮಗೆಲ್ಲ ಗೊತ್ತಿದೆ. "ಅವರು ಅವರವರಲ್ಲೇ ಮದುವೆಯಾಗುವವರು, ರಕ್ತ ಕೆಟ್ಟಿದೆ." ಸಾಗ್ನೆಯ ಜನರ ಮೇಲೂ ಅದೇ ಮಾತು. ನಮ್ಮಲ್ಲಾದರೆ ಸೊಸೆಯ ಕಾಲ್ಗುಣ ಎನ್ನುವವರೂ ಸಿಗುತ್ತಾರೆ. ಇದಕ್ಕೆ ಉತ್ತರ ಹೇಳಿದ್ದು ಇಗರ್ಜಿಯ ಪುಸ್ತಕಗಳು.

ಕ್ವಿಬೆಕ್‌ನಲ್ಲಿ ಕಥೋಲಿಕ ಇಗರ್ಜಿಗಳು 1600ರ ದಶಕದಿಂದಲೇ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುತ್ತಾ ಬಂದಿದ್ದವು. ಎರಡು ಪ್ರತಿ: ಒಂದು ಇಗರ್ಜಿಗೆ, ಇನ್ನೊಂದು ಸರ್ಕಾರಕ್ಕೆ. ಒಂದು ಪ್ರತಿ ಬೆಂಕಿಗೆ ಆಹುತಿಯಾದರೂ ಇನ್ನೊಂದು ಉಳಿಯುತ್ತಿತ್ತು. 1994ರವರೆಗೂ ಅಲ್ಲಿ ಜನನ ಮರಣದ ಸರ್ಕಾರಿ ದಾಖಲೆಯಾಗಿ ಧಾರ್ಮಿಕ ಪುಸ್ತಕಗಳೇ ನಡೆದವು. ಮದುವೆಯ ದಾಖಲೆಯಲ್ಲಿ ವಧೂವರರ ತಂದೆತಾಯಿಯರ ಹೆಸರು ಇರುತ್ತಿತ್ತು. ತಾಯಿಯ ತವರಿನ ಹೆಸರೂ ಇರುತ್ತಿತ್ತು. ಹತ್ತಿರದ ಸಂಬಂಧಿಗಳ ಮದುವೆಯಾದರೆ ಬಿಷಪರಿಂದ ಪಡೆದ ವಿನಾಯಿತಿಯನ್ನೂ ಎಷ್ಟನೇ ತಲೆಯ ಸಂಬಂಧ ಎಂಬುದನ್ನೂ ಬರೆಯುತ್ತಿದ್ದರು.

1972ರಲ್ಲಿ ಶಿಕೂಟಿಮಿಯ ವಿಶ್ವವಿದ್ಯಾಲಯದ ಇತಿಹಾಸಕಾರ ಜೆರಾರ್ ಬುಶಾರ್ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ ಒಂದಕ್ಕೊಂದು ಜೋಡಿಸುವ ಕೆಲಸ ಶುರುಮಾಡಿದರು. ಅದರ ಹೆಸರು ಬಾಲ್ಸಾಕ್. ಅವರಿಗೆ ಬೇಕಾಗಿದ್ದದ್ದು ಆ ಸೀಮೆಯ ಸಮಾಜದ ಇತಿಹಾಸ, ಕಾಯಿಲೆಯಲ್ಲ. ಆದರೆ ಜೋಡಿಸಿ ಮುಗಿಸುವ ಹೊತ್ತಿಗೆ 1838ರಿಂದ 1971ರವರೆಗೆ ಸಾಗ್ನೆಯಲ್ಲಿ ಬದುಕಿದ ಕುಟುಂಬಗಳ ಬಲೆ ಕೈಗೆ ಬಂದಿತ್ತು. ರೋಗಿಷ್ಟ ಮಗುವಿನಿಂದ ಹಿಡಿದು ಮೇಲಕ್ಕೆ, ಹತ್ತು ತಲೆಮಾರು ದಾಟಿ, ಫ್ರಾನ್ಸಿನಿಂದ ಹಡಗು ಹತ್ತಿ ಬಂದವರವರೆಗೆ ಹೋಗಬಹುದಿತ್ತು.

ಹಾಗೆ ಹೋಗಿ ನೋಡಿದಾಗ ಕಂಡದ್ದು: ಸಾಗ್ನೆಯಲ್ಲಿ ಹತ್ತಿರದ ರಕ್ತಸಂಬಂಧದ ಮದುವೆಗಳು ಕ್ವಿಬೆಕ್‌ನ ಉಳಿದೆಡೆಗಿಂತ ವಿಶೇಷವಾಗಿ ಹೆಚ್ಚೇನೂ ಇರಲಿಲ್ಲ. ಪಾದ್ರಿಗಳು ಸಂಬಂಧ ವಿಚಾರಿಸುತ್ತಿದ್ದರು, ಜನ ಪಾಲಿಸುತ್ತಿದ್ದರು. ವಿಷಯ ಬೇರೆಯೇ ಆಗಿತ್ತು. ಫ್ರೆಂಚ್ ಆಳ್ವಿಕೆಯ ಕಾಲದಲ್ಲಿ, ಅಂದರೆ 1760ರ ಮುಂಚೆ, ಫ್ರಾನ್ಸಿನಿಂದ ಬಂದು ಅಲ್ಲೇ ನೆಲೆ ನಿಂತವರು ಸುಮಾರು 8,500 ಜನ ಮಾತ್ರ. ಅವರಲ್ಲಿ ಕೆಲವರ ಸಂತಾನ ಶಾರ್ಲ್ವಾಕ್ಕೆ, ಅಲ್ಲಿಂದ ಕೆಲವರು ಸಾಗ್ನೆಗೆ. ಒಂದೊಂದು ಸಲವೂ ಸಣ್ಣ ಗುಂಪು ಹೊಸ ಊರು ಕಟ್ಟಿ ಹತ್ತಾರು ಮಕ್ಕಳನ್ನು ಹಡೆದಾಗ, ಆ ಗುಂಪಿನ ಯಾರೋ ಒಬ್ಬರಲ್ಲಿ ಇದ್ದ ಅಪರೂಪದ ಬದಲಾವಣೆ ಸಾವಿರಾರು ಜನರಲ್ಲಿ ಹರಡಿಬಿಡುತ್ತದೆ. ಒಂದೇ ಹಲಸಿನ ಬೀಜದಿಂದ ತೋಟ ಎಬ್ಬಿಸಿದಂತೆ. ಎಷ್ಟೋ ತಲೆಮಾರು ಹಿಂದಿನ ಅಜ್ಜನೋ ಅಜ್ಜಿಯೋ ಒಂದೇ ಆಗಿದ್ದದ್ದು ಮದುವೆಯಾದವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅದು ಯಾರ ತಪ್ಪೂ ಆಗಿರಲಿಲ್ಲ. ಊರಿನ ಬಾಯಿಗೆ ಬೀಗ ಹಾಕಿದ್ದು ಅದೇ ಊರಿನ ಪಾದ್ರಿಗಳ ಕೈಬರಹ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಆ ಸೀಮೆಯಲ್ಲಿ ಸರಾಸರಿ 23 ಜನರಲ್ಲಿ ಒಬ್ಬರು ವಾಹಕರು. ವಾಹಕ ಎಂದರೆ ಜೋಡಿ ಜೀನಿನಲ್ಲಿ ಒಂದು ಸರಿ, ಒಂದು ದೋಷದ್ದು. ಅವರಿಗೆ ಏನೂ ತೊಂದರೆ ಇಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗುವ ಸಾಧ್ಯತೆ 23ನ್ನು 23ರಿಂದ ಗುಣಿಸಿದರೆ ಬರುವ 529ರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. 529ನ್ನು ನಾಲ್ಕರಿಂದ ಗುಣಿಸಿ: 2,116. ಮೇಲೆ ಹೇಳಿದ ಸುಮಾರು 2,000ಕ್ಕೆ ಒಂದು ಎಂಬುದು ಇದೇ. ಒಂದು ಮಗುವಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದ ಹಾಗೆ.

ಆ ಚೀಟಿ ಎರಡು ಸಲ ಬಿದ್ದ ಒಂದು ಮನೆ ಪಿಯೆರ್ ಲಾವ್ವಾ ಅವರದ್ದು. ಅವರು ಟ್ರಯತ್ಲಾನ್ ಕ್ರೀಡಾಪಟು. 1997ರಲ್ಲಿ ನಾಲ್ಕು ವರ್ಷದ ಮಗಳು ಹೋದಳು. 1999ರಲ್ಲಿ ಅವರು ತಮ್ಮ ಸೀಮೆಯನ್ನು ಸುತ್ತುವ 650 ಕಿಲೋಮೀಟರ್ ದಾರಿಯನ್ನು ಸೈಕಲ್ ತುಳಿದು, ಈ ಕಾಯಿಲೆಯ ಹೆಸರನ್ನು ಜನರ ಬಾಯಿಗೆ ತಂದು, ಸಂಶೋಧನೆಗೆ ಹಣ ಕೂಡಿಸಿದರು. 2000ದಲ್ಲಿ ಅದೇ ಕಾಯಿಲೆಯಿಂದ ಮಗನೂ ಹೋದ. ಅವರು ಸೈಕಲ್ ಬಿಡಲಿಲ್ಲ. ಇದನ್ನು ಬರೆಯುವಾಗ ನಮ್ಮಲ್ಲಿ ಮಕ್ಕಳಿರುವವರು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋದರು.

2001ರಲ್ಲಿ ದೋಷ ಎರಡನೇ ಕ್ರೋಮೋಸೋಮಿನ ಒಂದು ಭಾಗದಲ್ಲಿದೆ ಎಂದು ಗೊತ್ತಾಯಿತು. ರೋಗಿಗಳೆಲ್ಲ ಒಂದೇ ಪೂರ್ವಜರ ಕಡೆಯವರಾದ್ದರಿಂದ ಆ ಭಾಗ ಎಲ್ಲರಲ್ಲೂ ಒಂದೇ ಥರ ಇತ್ತು, ಹುಡುಕಲು ಸುಲಭವಾಯಿತು. ಆದರೆ ಅಲ್ಲಿ ಕಿಣ್ವದ ತುಂಡುಗಳನ್ನು ಮಾಡುವ ಯಾವ ಜೀನೂ ಇರಲಿಲ್ಲ! 2003ರಲ್ಲಿ ಭಾರತ ಮೂಲದ ವಂಶಿ ಮೂಠಾ ಮತ್ತು ಸಂಗಡಿಗರು ಆ ಭಾಗದ ಜೀನುಗಳ ಪಟ್ಟಿಯನ್ನು ಮೈಟೊಕಾಂಡ್ರಿಯದಲ್ಲಿ ಸಿಗುವ ಪ್ರೊಟೀನುಗಳ ಪಟ್ಟಿಯೊಂದಿಗೆ ತಾಳೆ ನೋಡಿದರು. ಸಿಕ್ಕಿದ್ದು ಎಲ್‌ಆರ್‌ಪಿಪಿಆರ್‌ಸಿ ಎಂಬ ಜೀನ್. ಅದು ಕಿಣ್ವದ ಭಾಗವಲ್ಲ, ಕಿಣ್ವ ಕಟ್ಟುವವರಿಗೆ ನೆರವಾಗುವ ಆಳು. ನಮ್ಮ ಕಿಣ್ವದ ಮೂರು ಮುಖ್ಯ ತುಂಡುಗಳ ನಕ್ಷೆ ಇರುವುದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿ. ಆ ನಕ್ಷೆಯ ನಕಲು ಹಾಳಾಗದಂತೆ ಹಿಡಿದುಕೊಳ್ಳುವುದು ಈ ಆಳಿನ ಕೆಲಸ. ಸಾಗ್ನೆಯ ಬಹುತೇಕ ಎಲ್ಲ ರೋಗಿಗಳಲ್ಲೂ ಅದೇ ಒಂದು ಬದಲಾವಣೆ: ಪ್ರೊಟೀನಿನ 354ನೇ ಮಣಿ ಬೇರೆ. ಕಾಯಿಲೆ ಬರಲು ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಬೇಕು. ಸೊಸೆಯ ಕಾಲ್ಗುಣದ ಮಾತು ಆಡುವವರು ಈ ವಾಕ್ಯವನ್ನು ಎರಡು ಸಲ ಓದಬಹುದು.

ಕಾಯಿಲೆಗೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಆದರೆ 2010ರಿಂದ ಸಾಗ್ನೆಯವರಿಗೆ, 2018ರಿಂದ ಆ ಮೂಲದ ಕ್ವಿಬೆಕ್‌ನ ಇತರರಿಗೂ, ಈ ಕಾಯಿಲೆ ಮತ್ತು ಇಂಥವೇ ಇನ್ನೂ ಮೂರು ಕಾಯಿಲೆಗಳ ವಾಹಕರೇ ಎಂದು ತಿಳಿಯುವ ಪರೀಕ್ಷೆ ಉಚಿತವಾಗಿ ಸಿಗುತ್ತಿದೆ. ಮಾಡಿಸಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲ.

ನಮ್ಮ ಪುಸ್ತಕಗಳಲ್ಲೂ ಮದುವೆಯ ಪುಟದ ಅಂಚಿನಲ್ಲಿ ಅಲ್ಲಲ್ಲಿ ವಿನಾಯಿತಿಯ ಟಿಪ್ಪಣಿಗಳಿವೆ. ಮದುವೆಗೆ ಮುಂಚೆ ಪಾದ್ರಿಗಳು "ನೀವಿಬ್ಬರೂ ಸಂಬಂಧಿಕರೇ?" ಎಂದು ಕೇಳುವಾಗ ನಾವು ನಕ್ಕು ತಲೆಯಾಡಿಸುತ್ತೇವೆ. ಮುಂದಿನ ಸಲ ಆ ಪ್ರಶ್ನೆಗೆ ಮನೆಯ ಹಿರಿಯರನ್ನು ಕೇಳಿಯೇ ಉತ್ತರಿಸೋಣ ಎಂದು ನಮ್ಮೊಳಗೆ ಮಾತಾಯಿತು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೋದ ಮಕ್ಕಳಿದ್ದರೆ ಆ ವಿಷಯವನ್ನು ಬಚ್ಚಿಡದೆ ವೈದ್ಯರಿಗೆ ಹೇಳಬೇಕು ಎಂದೂ.

ಕಪಾಟಿನಲ್ಲಿ ಇನ್ನು ಉಳಿದಿರುವುದು ಮರಣದ ಪುಸ್ತಕಗಳು. ಮೊನ್ನೆ ಒಂದನ್ನು ಸುಮ್ಮನೆ ತೆರೆದು ನೋಡಿದೆವು: ಒಂದೇ ಪುಟದಲ್ಲಿ ನಾಲ್ಕು ಶಿಶುಗಳು, ಮುಂದೆ "ಜ್ವರ" ಎಂದಷ್ಟೇ. ಶಾಯಿ ಮಾಸುತ್ತಿದೆ. ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಕೆಲಸ ಶುರು. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಕೈ ಒರೆಸಲು ಒಣ ಬಟ್ಟೆಯೂ ಇರಲಿ.